ಲಂಬಕೋನ ತ್ರಿಭುಜದ ಗರಿಷ್ಠ ವಿಸ್ತೀರ್ಣ ಕಂಡುಹಿಡಿಯುವುದು ಹೇಗೆ?

ಲಂಬಕೋನ ತ್ರಿಭುಜದ ವಿಸ್ತೀರ್ಣ ಯಾವಾಗ ಗರಿಷ್ಠ ಎಂದು ಕೇಳಿದೊಡನೆ ‘ಲಂಬಕೋನದ ಎರಡೂ ಬಾಹುಗಳು ಸಮವಾದಾಗ’ ಎಂದು ಬರೆದುಬಿಡುವ ವಿದ್ಯಾರ್ಥಿಗಳು ಬಹಳ. ಲೆಕ್ಕದಲ್ಲಿ ಯಾವ ಅಳತೆ ಸ್ಥಿರವಾಗಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳದೆ ಆ ಉತ್ತರಕ್ಕೆ ಕೈಹಾಕಬಾರದು.

ವಿಕರ್ಣ 10 ಸೆಂ.ಮೀ. ಎಂದು ಕೊಟ್ಟಿದ್ದರೆ, ಅದನ್ನೇ ವ್ಯಾಸವಾಗಿಟ್ಟುಕೊಂಡು ಒಂದು ಅರ್ಧವೃತ್ತ ಎಳೆಯಿರಿ. ಲಂಬಕೋನದ ಶೃಂಗವು ಆ ಕಂಸದ ಮೇಲೆಯೇ ಇರಬೇಕಾದ್ದರಿಂದ, ವಿಕರ್ಣದಿಂದ ಅದರ ಎತ್ತರ ತ್ರಿಜ್ಯವಾದ 5 ಸೆಂ.ಮೀ. ಅನ್ನು ಮೀರಲಾರದು, ಗರಿಷ್ಠ ವಿಸ್ತೀರ್ಣ 25 ಚದರ ಸೆಂ.ಮೀ., ಮತ್ತು ಇಲ್ಲಿ ಬಾಹುಗಳು ನಿಜಕ್ಕೂ ಸಮ. (ವಿಕರ್ಣ 10, ಅದಕ್ಕೆಳೆದ ಲಂಬ 6 ಎಂದು ಕೊಟ್ಟು ವಿಸ್ತೀರ್ಣ ಕೇಳಿದರೆ 30 ಎನ್ನಬೇಡಿ, ಅಂಥ ಲಂಬಕೋನ ತ್ರಿಭುಜವೇ ಇಲ್ಲ.) ಎರಡು ಬಾಹುಗಳ ಮೊತ್ತವೋ ಸುತ್ತಳತೆಯೋ ಸ್ಥಿರವಾಗಿದ್ದರೂ ಉತ್ತರ ಇದೇ.

ವಿಕರ್ಣ ಮತ್ತು ಒಂದು ಬಾಹುವಿನ ಮೊತ್ತ ಸ್ಥಿರವಾದಾಗ ಮಾತ್ರ ಕಥೆ ಬದಲಾಗುತ್ತದೆ. ಎರಡನೆಯ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯ ಬಿದಿರಿನ ಲೆಕ್ಕ ಇದಕ್ಕೆ ಸೊಗಸಾದ ಉದಾಹರಣೆ. 32 ಮೊಳದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದರೆ, ಮುರಿದದ್ದು ಎಷ್ಟು ಎತ್ತರದಲ್ಲಿ ಎಂಬುದು ಅಲ್ಲಿನ ಪ್ರಶ್ನೆ. ಉತ್ತರ 12 ಮೊಳ. ಆ ತ್ರಿಭುಜದ ವಿಸ್ತೀರ್ಣ 96 ಚದರ ಮೊಳ. ಬುಡದಿಂದ ತುದಿಗಿರುವ ದೂರವನ್ನು ಬದಲಾಗಲು ಬಿಟ್ಟರೆ ವಿಸ್ತೀರ್ಣ ಇನ್ನೂ ಹೆಚ್ಚಬಹುದೇ ಎಂಬುದು ನಮ್ಮ ಪ್ರಶ್ನೆ.

ನಿಂತ ಭಾಗವನ್ನು ‘ಕ’ ಎಂದುಕೊಳ್ಳಿ. ವಿಕರ್ಣ 32 − ಕ. ಪೈಥಾಗೊರಸ್ ಪ್ರಮೇಯದಂತೆ ಪಾದದ ವರ್ಗ 1024 − 64ಕ. ವರ್ಗಮೂಲದ ತೊಡಕು ತಪ್ಪಿಸಲು ವಿಸ್ತೀರ್ಣದ ಬದಲು ಅದರ ವರ್ಗವನ್ನೇ ಹಿಡಿಯುವುದು ಲೇಸು: ಅದು 16 × ಕ² × (16 − ಕ). ಈಗ ಕ/2, ಕ/2, 16 − ಕ ಎಂಬ ಮೂರು ಸಂಖ್ಯೆಗಳನ್ನು ನೋಡಿ. ಅವುಗಳ ಮೊತ್ತ ಯಾವಾಗಲೂ 16; ಮೊತ್ತ ಸ್ಥಿರವಾಗಿರುವ ಧನಸಂಖ್ಯೆಗಳ ಗುಣಲಬ್ಧ ಅವೆಲ್ಲ ಸಮವಾದಾಗಲೇ ಗರಿಷ್ಠವಾಗುವುದರಿಂದ ಕ = 32/3. ಅವಕಲನ ಬಲ್ಲ ಪಿಯುಸಿ ವಿದ್ಯಾರ್ಥಿಗಳಿಗೂ ಇದೇ ಬೆಲೆ ಸಿಗುತ್ತದೆ.

ವಿಕರ್ಣ 64/3, ಅಂದರೆ ನಿಂತ ಭಾಗದ ಸರಿಯಾಗಿ ಎರಡರಷ್ಟು. ಆದ್ದರಿಂದ ಅವೆರಡರ ನಡುವಿನ ಕೋನ 60 ಡಿಗ್ರಿ. ವಿಸ್ತೀರ್ಣ ಸುಮಾರು 98.5 ಚದರ ಮೊಳ. ಅದೇ ಬಿದಿರನ್ನು ಬಾಹುಗಳು ಸಮವಾಗುವಂತೆ ಮುರಿದಿದ್ದರೆ ದೊರೆಯುತ್ತಿದ್ದದ್ದು ಸುಮಾರು 87.8 ಮಾತ್ರ, ಭಾಸ್ಕರಾಚಾರ್ಯರ ಬಿದಿರಿಗಿಂತಲೂ ಕಡಿಮೆ.