ಸ್ಪೀಡ್‌ರನ್‌ನಲ್ಲಿ ಲೋಡಿಂಗ್ ಎಷ್ಟು ಟೈಮ್ ತಿನ್ನುತ್ತದೆ? ನೀವೇ ಅಳೆದು ನೋಡಿ

ಸ್ಪೀಡ್‌ರನ್ ಅಂದರೆ ಗೇಮನ್ನು ಆದಷ್ಟು ಬೇಗ ಮುಗಿಸುವ ಆಟ. ನೀವು ಬಳ್ಳಾರಿಯಲ್ಲಿ ಪಿಎಸ್4 (ಪ್ಲೇಸ್ಟೇಷನ್ 4) ಮೇಲೆ ಆಡುತ್ತೀರಿ, ರಾಯಚೂರಿನ ಗೆಳೆಯ ಅದೇ ಗೇಮನ್ನು ಪಿಎಸ್5ನಲ್ಲಿ ಆಡುತ್ತಾನೆ. ಕೈಚಳಕ ಸಮ ಇದ್ದರೂ ಅವನ ಟೈಮೇ ಕಡಿಮೆ, ಯಾಕಂದ್ರೆ ಅವನಿಗೆ ಲೋಡಿಂಗ್ ಬೇಗ ಮುಗಿಯುತ್ತದೆ. ಪಿಎಸ್4ನ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಓದುತ್ತದೆ, ಪಿಎಸ್5ನ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ, ಚಿಪ್‌ನ ಸ್ಟೋರೇಜ್) ಸೆಕೆಂಡಿಗೆ 5.5 ಗಿಗಾಬೈಟ್ ಓದಬಲ್ಲದು. ಎಲ್ಲಾ ಗೇಮ್ ಅಷ್ಟು ವೇಗ ಬಳಸಲ್ಲ, ಅದು ಬೇರೆ ಮಾತು.

ಮೊದಲು ನಿಮ್ಮ ಗೇಮಿನ ಸ್ಪೀಡ್‌ರನ್ ನಿಯಮ ಓದಿ. ಲೋಡಿಂಗ್ ಸಮಯ ಕಳೆದು ಲೆಕ್ಕ ಹಾಕುತ್ತಾರೆ ಅಂದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕಳೆಯಲ್ಲ ಅಂದರೆ, ಸೆಕೆಂಡಿಗೆ 60 ಫ್ರೇಮಿನಲ್ಲಿ (ಫ್ರೇಮ್ ಅಂದರೆ ವಿಡಿಯೊದ ಒಂದೊಂದು ಚಿತ್ರ) ವಿಡಿಯೊ ರೆಕಾರ್ಡ್ ಮಾಡಿ, ಪರದೆ ಕಪ್ಪಾದ ಫ್ರೇಮಿನಿಂದ ಆಟ ಮತ್ತೆ ಕಾಣುವ ಫ್ರೇಮಿನವರೆಗೆ ಎಣಿಸಿ, 60ರಿಂದ ಭಾಗಿಸಿ, ಗೇಮಿನಲ್ಲಿ ಲೋಡಿಂಗ್ ಬರುವ ಅದೇ ಬಾಗಿಲನ್ನು ನಾಲ್ಕೈದು ಸಲ ದಾಟಿ ಸರಾಸರಿ ತೆಗೆಯಿರಿ, ಯಾಕಂದ್ರೆ ಪ್ರತಿ ಸಲ ಒಂದೇ ಬರಲ್ಲ.

ನಿಯಮ ಒಪ್ಪಿದರೆ ಪಿಎಸ್4ಗೆ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕಿನದೇ ಕನೆಕ್ಟರ್) ಎಸ್‌ಎಸ್‌ಡಿ ಹಾಕಬಹುದು. ಪವಾಡ ಮಾತ್ರ ಬಯಸಬೇಡಿ. ಒತ್ತಿ ಚಿಕ್ಕದು ಮಾಡಿಟ್ಟ (ಕಂಪ್ರೆಸ್) ಡೇಟಾ ಬಿಚ್ಚುವುದು ಹೆಚ್ಚಾಗಿ ಪ್ರೊಸೆಸರ್ ಕೆಲಸ, ಅದು ಹಳೇದೇ ಅಲ್ವಾ? ಪಿಎಸ್4 ಗೇಮ್ ಹೇಗೂ ಹಾರ್ಡ್ ಡಿಸ್ಕಿಗೇ ಇನ್‌ಸ್ಟಾಲ್ ಆಗುತ್ತದೆ, ಹಾಗಾಗಿ ಬ್ಲೂ-ರೇ ಡಿಸ್ಕ್ ಗೀಚಿದೆ ಅಂತ ಲೋಡಿಂಗ್ ನಿಧಾನ ಆಗಲ್ಲ. ಪಿಎಸ್2 ಹಾಗಲ್ಲ. ಅಲ್ಲಿ ಲೇಸರ್ ನೇರ ಡಿಸ್ಕನ್ನೇ ಓದುತ್ತದೆ, ಗೀರು ಇದ್ದರೆ ಅದೇ ಜಾಗ ಮತ್ತೆ ಮತ್ತೆ ಓದಿ ಟೈಮ್ ನುಂಗುತ್ತದೆ. ನಮ್ಮೂರ ಕೆಂಪು ಧೂಳಿನಲ್ಲಿ ಡಿಸ್ಕನ್ನು ಹೊರಗೆ ಬಿಡಲೇಬೇಡಿ. ಹಳೇ ಪಾಲ್ (PAL, 50 ಹರ್ಟ್ಜ್‌ನ ಟಿವಿ ಪದ್ಧತಿ) ಕನ್ಸೋಲ್ ಆದರೆ ಸೆಕೆಂಡಿಗೆ 50 ಫ್ರೇಮಿನಲ್ಲಿ ರೆಕಾರ್ಡ್ ಮಾಡಿ, 50ರಿಂದಲೇ ಭಾಗಿಸಿ.