ಮುತ್ಯಾನ ಬಂದೂಕು, ಕರಿಯ ನಾಯಿ, ಹೆಸರಿನ ಹೊಲ

ನಮ್ಮ ಮನೆಯಲ್ಲಿ ಹನ್ನೆರಡು ಬೋರಿನ ಒಂದು ಬಂದೂಕು ಇದೆ. ಒಂಟಿ ನಳಿಗೆ, ಉದ್ದ 30 ಇಂಚು. ಮುತ್ಯಾ ತಗೊಂಡದ್ದು. ಅಪ್ಪನ ಕೈ ದಾಟಿ ಈಗ ನನ್ನ ಹೆಸರಿಗಿದೆ, ಬೆಳೆ ಕಾಯಲಿಕ್ಕೆ ಅಂತ ಲೈಸೆನ್ಸು. ಚುನಾವಣೆ ಬಂದಾಗಲೆಲ್ಲ ಅದು ಠಾಣೆಗೆ ಹೋಗಿ ಕೂಡುತ್ತದೆ. 2023ರ ವಿಧಾನಸಭೆಗೆ ಒಮ್ಮೆ, 2024ರ ಲೋಕಸಭೆಗೆ ಇನ್ನೊಮ್ಮೆ ಹೋಗಿ ಬಂತು. ನಿಜ ಹೇಳಬೇಕೆಂದರೆ ಈಚೆಗೆ ಅದು ನನ್ನ ಹೊಲಕ್ಕಿಂತ ಠಾಣೆಯನ್ನೇ ಜಾಸ್ತಿ ನೋಡಿದೆ.

ನಮ್ಮ ಹೊಲ ಸೇಡಂ ದಾಟಿ ಚಿಂಚೋಳಿ ಕಡೆ ಹೋಗುವಾಗ ಸಿಗುತ್ತದೆ. ಕೆಳಗೆ ಎರೆ ಮಣ್ಣು, ಮೇಲೆ ಕಲ್ಲು ನೆಲದ ಮಡ್ಡಿ. ಮಡ್ಡಿಯ ಕಡೆಯಿಂದ ಬೆಳಿಗ್ಗೆ ಗೌಜುಗ ಕೂಗುವುದು ಮನೆ ತನಕ ಕೇಳುತ್ತದೆ. ಹಳಬರು ತೀತರ್ ಅನ್ನುತ್ತಾರೆ. ಮಳೆಗಾಲಕ್ಕೆ ಬುರ್ಲಿ, ಅಂದರೆ ಲಾವಕ್ಕಿ, ಬರುತ್ತದೆ.

ಎರಡು ವರ್ಷದ ಹಿಂದೆ ತಂಗಿಯ ಮಗ ರಜೆಗೆ ಬಂದಿದ್ದ. ಅವನು ಇರುವುದು ಅಮೆರಿಕದ ಸೌತ್ ಡಕೋಟದಲ್ಲಿ. ಅಲ್ಲಿ ಫೆಸೆಂಟ್ ಎಂಬ ಹಕ್ಕಿ ರಾಜ್ಯದ ಹಕ್ಕಿಯೂ ಹೌದು, ಬೇಟೆಯ ಹಕ್ಕಿಯೂ ಹೌದು. ಲೈಸೆನ್ಸು ತಗೊಂಡು ದಿನಕ್ಕೆ ಮೂರು ಹುಂಜ ಹೊಡೆಯಬಹುದು, ಹೆಣ್ಣನ್ನು ಮುಟ್ಟುವ ಹಾಗಿಲ್ಲ. ಇವನು ಗೆಳೆಯರ ಜೊತೆ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಹೋದ ವಿಡಿಯೋ ತೋರಿಸಿದ. ಆಮೇಲೆ ನಮ್ಮ ಬಂದೂಕು ಎತ್ತಿ ನೋಡಿ, "ಮಾಮಾ, ಇಷ್ಟುದ್ದ ಯಾಕ್ರಿ? ತುದಿ ಕೊಯ್ಸಿಬಿಡ್ರಿ. ತೊಗರಿಯಾಗ ತಿರುಗಾಡ್ಲಿಕ್ಕ ಹಗುರ ಆಗ್ತದ" ಅಂದ.

ಅವನ ಮಾತಿನಲ್ಲಿ ಅರ್ಧ ಸತ್ಯ ಇತ್ತು. ನಾಯಿ ಜೊತೆ ನಡೆದು ಹಕ್ಕಿ ಹೊಡೆಯುವವರು ಅಲ್ಲಿ ಗಿಡ್ಡ ನಳಿಗೆ ಇಷ್ಟಪಡುತ್ತಾರೆ. ನಾಯಿ ನಿಂತಲ್ಲೇ ಹಕ್ಕಿ ಏಳುತ್ತದೆ, ದೂರ ಅಂದರೆ ಹದಿನೈದು ಇಪ್ಪತ್ತು ಗಜ. ಪೊದೆ ಸಂದಿಯಲ್ಲಿ ಬಂದೂಕು ಬೇಗ ತಿರುಗಬೇಕು. ಆದರೆ ಅವರ ಗಿಡ್ಡ ಅಂದರೆ 26 ಇಂಚು, ಕಾರ್ಖಾನೆಯಲ್ಲೇ ಹಾಗೆ ಮಾಡಿದ್ದು. 18 ಇಂಚಿಗಿಂತ ಕಡಿಮೆಯದ್ದಕ್ಕೆ ಅಲ್ಲೂ 1934ರಿಂದಲೇ ಬೇರೆ ಕಟ್ಟುನಿಟ್ಟಿನ ಕಾನೂನು ಇದೆ. ನಮ್ಮಲ್ಲಂತೂ ಬಂದೂಕಿನ ನಳಿಗೆ ಕೊಯ್ಯಲಿಕ್ಕೆ ಶಸ್ತ್ರಾಸ್ತ್ರ ಕಾಯ್ದೆ 1959ರ 6ನೇ ಕಲಮಿನಂತೆ ಬೇರೆಯೇ ಪರವಾನಗಿ ಬೇಕು. ನಮ್ಮದೇ ಬಂದೂಕು, ನಮ್ಮದೇ ಗರಗಸ ಅನ್ನುವ ಹಾಗಿಲ್ಲ.

ಕಾನೂನು ಬಿಡಿ, ಕೊಯ್ದರೆ ಬಂದೂಕೇ ಕೆಡುತ್ತದೆ. ನಳಿಗೆಯ ತುದಿಯ ಎರಡು ಮೂರು ಇಂಚು ಒಳಗಿನಿಂದ ತುಸು ಇಕ್ಕಟ್ಟಾಗಿರುತ್ತದೆ. ಅದೇ ಚೋಕು. ಪೂರ್ತಿ ಚೋಕು ಇದ್ದರೆ 40 ಗಜದಲ್ಲಿ 30 ಇಂಚಿನ ದುಂಡಿನೊಳಗೆ ನೂರಕ್ಕೆ 70 ಛರ್ರಾ, ಅಂದರೆ ತೋಟೆಯೊಳಗಿನ ಸಣ್ಣ ಗುಂಡು, ಬೀಳುತ್ತವೆ. ಚೋಕು ಇಲ್ಲದಿದ್ದರೆ 40. ಉಳಿದವು ಎಲ್ಲೆಲ್ಲಿಗೋ ಚೆದುರುತ್ತವೆ. ಮುಂದಿನ ಭಾರ ಹೋದ ಮೇಲೆ ಬಂದೂಕು ತೂಗಾಡುತ್ತದೆ, ಗುರಿ ಹಿಡಿದು ಬೀಸುವಾಗ ನಡುವೆಯೇ ನಿಂತುಬಿಡುತ್ತದೆ. ಸದ್ದು ಬೇರೆ ಜಾಸ್ತಿ. ಮುಂದೆ ನಿಂತ ನಾಯಿಯ ಕಿವಿ ಗತಿ ಏನು?

ಮುತ್ಯಾನ ಕಾಲದಲ್ಲಿ ಶಿಕಾರಿ ಇತ್ತು. ಅವನದು ಒಂದೇ ಕಟ್ಟಳೆ: ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಹೊಡೆಯಬಾರದು. ಯಾಕೆಂದರೆ ಕೆಳಗೆ ಹಾರುವ ಹಕ್ಕಿಯ ಹಿಂದೆ ನಾಯಿ ಜಿಗಿದಿರುತ್ತದೆ. 1972ರ ವನ್ಯಜೀವಿ ಕಾಯ್ದೆ, ಆಮೇಲೆ ಅದಕ್ಕೆ 1991ರ ತಿದ್ದುಪಡಿ ಬಂದ ಮೇಲೆ ಅದೆಲ್ಲ ಮುಗಿಯಿತು. ಗೌಜುಗ, ಬುರ್ಲಿ ಯಾವುದನ್ನೂ ಹೊಡೆಯುವಂತಿಲ್ಲ. ನಾನು ಒಂದು ಹಕ್ಕಿಯನ್ನೂ ಹೊಡೆದವನಲ್ಲ. ಆದರೆ ಹಕ್ಕಿಯ ವಾಸನೆ ಸಿಕ್ಕಲ್ಲೇ ನಾಯಿ ನಿಲ್ಲಿಸುವ ವಿದ್ಯೆ ಮುತ್ಯಾನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಾಯಿಮಾತಲ್ಲೇ ಬಂದಿತ್ತು. ಅದು ಸುಮ್ನೆ ಬಿದ್ದಿತ್ತು.

ಅದು ಕೆಲಸಕ್ಕೆ ಬಂದದ್ದು ಹೆಸರುಕಾಳಿನ ರಾಶಿಯಿಂದ, ಅಂದರೆ ಕಟಾವಿನಿಂದ. ನಾವು ಜೂನ್‌ನಲ್ಲಿ ಹೆಸರು ಬಿತ್ತುತ್ತೇವೆ, ಅರವತ್ತೈದು ಎಪ್ಪತ್ತು ದಿನಕ್ಕೆ ಬರುತ್ತದೆ. ಬುರ್ಲಿ ಮೊಟ್ಟೆ ಇಡುವುದೂ ಅದೇ ಮಳೆಯಲ್ಲಿ, ಅದೇ ಹೊಲದಲ್ಲಿ, ನೆಲದ ಮೇಲೆ. ಮೊದಲು ಹೆಣ್ಣುಮಕ್ಕಳು ಕೈಯಲ್ಲಿ ಕೀಳುವಾಗ ಗೂಡು ಕಣ್ಣಿಗೆ ಬೀಳುತ್ತಿತ್ತು. ಮಷೀನು ಬಂದ ವರ್ಷ ಕಟಾವು ಮುಗಿದ ಮೇಲೆ ನೋಡುತ್ತೇನೆ, ಗಾಲಿಯ ಗುರುತಿನೊಳಗೆ ಹಳದಿ ಲೋಳೆ. ಏಳೋ ಎಂಟೋ ಮೊಟ್ಟೆ ಇದ್ದಿರಬೇಕು, ಎಣಿಸಲಿಕ್ಕೆ ಬರುವ ಹಾಗಿರಲಿಲ್ಲ.

ಮೊದಲು ಮುಧೋಳ ನಾಯಿಯಿಂದ ಪ್ರಯತ್ನಪಟ್ಟೆ. ದಡ್ಡತನ. ಮುಧೋಳ ಕಣ್ಣಿನಿಂದ ಕೆಲಸ ಮಾಡುವ ನಾಯಿ. ಕಂಡರೆ ಓಡುತ್ತದೆ, ಓಡಿದರೆ ಹಿಡಿಯುತ್ತದೆ. ನನಗೆ ಬೇಕಾದದ್ದು ಮೂಗಿನಿಂದ ಹುಡುಕಿ, ಅಲ್ಲೇ ಕಂಬದ ಹಾಗೆ ನಿಲ್ಲುವ ನಾಯಿ. ಕೊನೆಗೆ ಕಲಬುರಗಿಯ ಒಬ್ಬರ ಮನೆಯಿಂದ ಪಾಯಿಂಟರ್ ಬೆರಕೆಯ ಕರಿಯ ಮರಿ ತಂದೆ. ಹೆಸರು ಕಾಳ್ಯಾ. ಬಣ್ಣವೇ ಕರಿ, ಬೇರೆ ಹೆಸರು ಹುಡುಕುವ ಉಸಾಬರಿ ಯಾಕೆ?

ಕಲಿಸಿದ್ದು ಹೀಗೆ. ಎರಡು ತಿಂಗಳು ಬರೀ "ನಿಲ್ಲು". ರೊಟ್ಟಿಯ ತಾಟು ಮುಂದಿಟ್ಟು ನಿಲ್ಲು ಅನ್ನುವುದು, ಬೆನ್ನು ತಟ್ಟಿದ ಮೇಲೆ ತಿನ್ನಲು ಬಿಡುವುದು. ಆಮೇಲೆ ಮೂವತ್ತು ಅಡಿ ಹಗ್ಗ ಕಟ್ಟಿ, ಹುಲ್ಲಿನಲ್ಲಿ ಬುಟ್ಟಿ ಮುಚ್ಚಿ ಒಳಗೆ ಒಂದು ಜವಾರಿ ಕೋಳಿ ಇಟ್ಟೆ. ಗಾಳಿ ಬುಟ್ಟಿಯಿಂದ ನಮ್ಮ ಕಡೆ ಬರುವ ಹಾಗೆ ನಡೆಸಿದೆ. ವಾಸನೆ ಸಿಕ್ಕ ಕೂಡಲೇ ಅದರ ಬಾಲ ನೆಟ್ಟಗಾಯಿತು, ಮುಂದಿನ ಒಂದು ಕಾಲು ಮೇಲೆ, ಬಾಯಿ ಮುಚ್ಚಿತು. ಎಣಿಸಿದೆ, ಇಪ್ಪತ್ತೆರಡು ಸೆಕೆಂಡು. ಆಮೇಲೆ ಹಾರಿ ಬುಟ್ಟಿ ಉರುಳಿಸಿತು. ಕೋಳಿ ಹೋಗಿ ಜಾಲಿ ಗಿಡದಲ್ಲಿ ಕೂತಿತು, ನನ್ನ ಹೆಂಡತಿ ಆ ದಿನ ನನ್ನ ಜೊತೆ ಮಾತಾಡಲಿಲ್ಲ. ಹಗ್ಗ ಬಿಚ್ಚಲಿಕ್ಕೆ ಮತ್ತೆ ನಾಲ್ಕು ತಿಂಗಳು ಹಿಡಿಯಿತು ಅಂತ ಹೇಳಿದರೆ ಕೇಳಲಿಕ್ಕೆ ಚಂದ. ಹೊಲದಲ್ಲಿ ಹಗ್ಗ ಇವತ್ತಿಗೂ ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ.

ರಾಶಿಯ ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಇಳಿಯುತ್ತೇವೆ. ಆಗ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತಿರುತ್ತದೆ. ಹಾಗಾಗಿ ಮೂಡಣ ಬದುವಿನಿಂದ ಶುರು ಮಾಡಿ ಗಾಳಿಗೆ ಮುಖ ಮಾಡಿ ನಡೆಯುವುದು. ನೆಲ ಹಸಿ ಇದ್ದಾಗ ವಾಸನೆ ನಿಲ್ಲುತ್ತದೆ. ಹತ್ತು ಗಂಟೆ ದಾಟಿ ಬಿಸಿಲು ಏರಿದರೆ ನಾಯಿಯ ಮೂಗು ಇದ್ದೂ ಇಲ್ಲದಂತೆ. ಎರೆ ಮಣ್ಣು ಪಾದದ ಬೆರಳ ಸಂದಿಗೆ ಮೆತ್ತಿ ಗುಂಡು ಕಟ್ಟುತ್ತದೆ, ಅರ್ಧ ಗಂಟೆಗೊಮ್ಮೆ ಕೂತು ಬಿಡಿಸಬೇಕು. ಕೊಳಕು ಮಂಡಲ ಹಾವಿನ ಭಯಕ್ಕೆ ನನಗೆ ಗಂಬೂಟು ಇದೆ. ಕಾಳ್ಯಾನಿಗೆ ದೇವರೇ ಗತಿ.

ನಾಯಿ ನಿಂತಿತು ಅಂದರೆ ನಾನು ಮುಂದೆ ಹೋಗಿ ಕೆದಕುವುದಿಲ್ಲ. ಗೂಡು ಕದಡಿದರೂ ಕಾಯ್ದೆಯಲ್ಲಿ ಅದು ಬೇಟೆಯೇ. ತಾಯಿ ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಹಗ್ಗ ಹಿಡಿದು ನಾಯಿಯನ್ನು ಮೆಲ್ಲಗೆ ಹಿಂದೆ ಎಳೆದು, ಅಲ್ಲಿಂದ ಐದು ಹೆಜ್ಜೆ ಈಚೆಗೆ ತೊಗರಿ ಕಟ್ಟಿಗೆ ನೆಡುತ್ತೇನೆ. ಗೂಡಿನ ಪಕ್ಕದಲ್ಲೇ ನೆಟ್ಟು ಮೊದಲ ಸಲ ಕೆಟ್ಟಿದ್ದೆ. ಕಟ್ಟಿಗೆ ಮೇಲೆ ಕಾಗೆ ಬಂದು ಕೂತಿತು. ಮುಂದೇನಾಯಿತು ಹೇಳಬೇಕಾಗಿಲ್ಲ, ಅಲ್ವಾ? ಈಗ ಎಲ್ಲ ಕಟ್ಟಿಗೆಯೂ ಗೂಡಿನ ಮೂಡಣಕ್ಕೇ ಇರುತ್ತದೆ. ಮಷೀನಿನ ಡ್ರೈವರ್‌ಗೆ ಕಟ್ಟಿಗೆಯಿಂದ ಪಡುವಣಕ್ಕೆ ಹತ್ತು ಹೆಜ್ಜೆ ಬಿಡು ಅಂತ ಹೇಳಿದರೆ ಸಾಕು. ಹೋಗುವ ಹೆಸರು ಒಂದೆರಡು ಕಿಲೋ.

ಹೋದ ವರ್ಷ ನಾಲ್ಕು ಎಕರೆಯಲ್ಲಿ ಮೂರು ಕಡೆ ನಿಂತಿತು. ಎರಡು ವಾರ ಬಿಟ್ಟು ನೋಡಿದಾಗ ಎರಡು ಗೂಡಿನಲ್ಲಿ ಮೊಟ್ಟೆಯ ಚಿಪ್ಪು ಮುಚ್ಚಳ ತೆಗೆದ ಡಬ್ಬಿಯಂತೆ ದುಂಡಗೆ ಬಿಚ್ಚಿಕೊಂಡಿತ್ತು. ಮರಿ ಹೊರಗೆ ಬಂದರೆ ಹಾಗಿರುತ್ತದೆ. ಮೂರನೆಯದರ ಚಿಪ್ಪು ಚೂರುಚೂರು, ಮುಂಗುಸಿಯೇ ಇರಬೇಕು. ನಾಲ್ಕನೆಯದೊಂದು ಗೂಡು ಇತ್ತು. ಕಾಳ್ಯಾ ಅದರ ಪಕ್ಕದಲ್ಲೇ ಹಾದುಹೋಗಿದ್ದ, ಸಿಕ್ಕಿದ್ದು ಮಷೀನಿಗೆ. ಕಾವಿಗೆ ಕೂತ ಹಕ್ಕಿ ಅಲುಗಾಡದೆ ಇರುತ್ತದೆ, ವಾಸನೆಯೂ ಕಡಿಮೆ. ನಾಯಿಯ ತಪ್ಪಲ್ಲ. ನಾನು ಸಾಲನ್ನು ಅಗಲ ಬಿಟ್ಟು ನಡೆದಿದ್ದೆ. ಈಗ ಎಂಟು ಅಡಿಗೊಂದು ಸಾಲು ಹಿಡಿಯುತ್ತೇನೆ.

ಈ ಆಗಸ್ಟ್‌ನಲ್ಲಿ ಪಕ್ಕದ ಹೊಲದ ಕಾಕಾ ಬಂದು, "ತಮ್ಮಾ, ನಿನ್ ನಾಯಿ ಒಂದಿನ ಕೊಡು. ನನ್ ಹೊಲಾನೂ ನೋಡ್ಲಿ" ಅಂದರು. ಹಗ್ಗ ಅವರ ಕೈಗೆ ಕೊಟ್ಟೆ. ಕಾಳ್ಯಾ ಬದು ದಾಟಿ ಹತ್ತು ಹೆಜ್ಜೆ ಹೋಗಿ ಕೂತುಬಿಟ್ಟ, ತಿರುಗಿ ನನ್ನ ಕಡೆ ನೋಡುತ್ತ. ಗಂಬೂಟು ಹಾಕಿಕೊಂಡು ನಾನೂ ಹೋಗಬೇಕಾಯಿತು. ಅವರ ಆರು ಎಕರೆ ಮುಗಿಯುವಷ್ಟರಲ್ಲಿ ಒಂಬತ್ತೂವರೆ.