ರೈಲು ನೋಡದ ಮಕ್ಕಳಿಗೆ ರೈಲಿನ ಲೆಕ್ಕ

2016ರಿಂದ ಮೂರು ವರ್ಷ ನಾನು ಮಾಲ್ಡೀವ್ಸ್‌ನಲ್ಲಿ ಗಣಿತದ ಟೀಚರ್ ಆಗಿದ್ದೆ. ರಾಜಧಾನಿ ಮಾಲೆಯಲ್ಲಲ್ಲ, ಉತ್ತರದ ಹಾ ಧಾಲು ಅಟಾಲ್‌ನ, ಅಂದರೆ ಹವಳದ ದ್ವೀಪಗಳ ಗುಂಪಿನ, ಒಂದು ಸಣ್ಣ ದ್ವೀಪದಲ್ಲಿ. ಮಾಲೆಯಿಂದ ಹನಿಮಾಧೂವರೆಗೆ ಪುಟ್ಟ ವಿಮಾನ, ಅಲ್ಲಿಂದ ದೋಣಿ. ಇಡೀ ಊರಿಗೆ ಒಂದು ಸುತ್ತು ಬರಲು ಅರ್ಧ ಗಂಟೆ ಸಾಕು. ಕುಂದಾಪುರದವಳಿಗೆ ಸಮುದ್ರ ಹೊಸತೇನಲ್ಲ, ಆದರೆ ಯಾವ ಕಡೆಗೆ ನಡೆದರೂ ಅದೇ ಎದುರಾಗುತ್ತದಲ್ಲ, ಅದು ಅಭ್ಯಾಸವಾಗಲು ತಿಂಗಳುಗಳೇ ಬೇಕಾದವು.

ಏಜೆಂಟ್ ಹೇಳಿದ್ದ ‘ಅಡುಗೆಮನೆ ಇರುವ ಮನೆ’ ಅಂದರೆ ಇನ್ನಿಬ್ಬರು ಟೀಚರ್‌ಗಳ ಜೊತೆ ಒಂದೇ ಕೋಣೆ, ಮೂಲೆಯಲ್ಲೊಂದು ಗ್ಯಾಸ್ ಒಲೆ. ಸಂಬಳ ಕೈಗೆ ಬರುವುದು ರುಫಿಯಾದಲ್ಲಿ. ಡಾಲರಿಗೆ 15.42 ರುಫಿಯಾ ಅನ್ನುವುದು ಅಧಿಕೃತ ದರ, ಆ ದರಕ್ಕೆ ಡಾಲರ್ ಸಿಗುವುದೇ ಕಷ್ಟ. ಹೋಗುವ ಮನಸ್ಸಿರುವವರು ಊರಿಗೆ ಎಷ್ಟು ಕಳಿಸಬಹುದು ಅನ್ನುವುದನ್ನು ಅಲ್ಲಿ ಈಗಾಗಲೇ ಇರುವವರನ್ನೇ ಕೇಳಿ, ಏಜೆಂಟನ್ನಲ್ಲ.

ತರಕಾರಿ ಬರುವುದು ಮಾಲೆಯಿಂದ ಬೋಟಿನಲ್ಲಿ. ಗಾಳಿ ಜೋರಿದ್ದರೆ ಆ ವಾರ ಈರುಳ್ಳಿಯೂ ಇಲ್ಲ. ಆದರೆ ಪಕ್ಕದ ಮನೆಯ ಅಂಗಳದಲ್ಲಿ ನುಗ್ಗೆ, ಕರಿಬೇವು, ಜೀಗುಜ್ಜೆ! ನಮ್ಮಲ್ಲಿ ಅದಕ್ಕೆ ದೀವಿಹಲಸು ಅಂತಲೂ ಹೇಳುತ್ತಾರಲ್ಲ, ಧಿವೇಹಿ ಮಾತಾಡುವವರ ಊರಲ್ಲಿ ಕೂತು ಜೀಗುಜ್ಜೆ ಪೋಡಿ ಕರಿಯುವಾಗ ಆ ಹೆಸರು ಬೇರೆಯೇ ತರ ಕೇಳಿಸಿತು.

ಶಾಲೆ ಭಾನುವಾರದಿಂದ ಗುರುವಾರದವರೆಗೆ. ಪಾಠ ಇಂಗ್ಲಿಷಿನಲ್ಲಿ. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಮಂಡಳಿಗಳು ನಡೆಸುವ ಪರೀಕ್ಷೆ. ಮನೆಯ ಮಾತು, ಆಟದ ಮಾತು ಎಲ್ಲ ಧಿವೇಹಿ. ಅದರ ಲಿಪಿ ತಾನಾ, ಬಲದಿಂದ ಎಡಕ್ಕೆ. ಅದರ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರೇಬಿಕ್ ಅಂಕಿ ಒಂದರಿಂದ ಒಂಬತ್ತರವರೆಗಿನ ಆಕಾರಗಳಿಂದ ಅಂತ ಗೊತ್ತಾದ ದಿನವೇ ನಾನು ಅದನ್ನು ಕಲಿಯಲು ಕೂತೆ. ಗಣಿತದವಳಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸುವುದು ಬೇಡ.

ನಾನು ಮುಗ್ಗರಿಸಿದ್ದು ಮೊದಲ ವರ್ಷ, ಎಂಟನೇ ತರಗತಿಯಲ್ಲಿ. ವೇಗ, ದೂರ, ಕಾಲ. ಹತ್ತು ವರ್ಷ ಊರಲ್ಲಿ ಕಣ್ಣು ಮುಚ್ಚಿ ಮಾಡಿದ ಪಾಠ. ಬೋರ್ಡಿನ ಮೇಲೆ ಬರೆದೆ: ಇಷ್ಟು ಉದ್ದದ ರೈಲು ಇಷ್ಟು ಉದ್ದದ ಪ್ಲಾಟ್‌ಫಾರಂ ದಾಟಲು ಎಷ್ಟು ಹೊತ್ತು? ತರಗತಿ ಮೌನ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಅಪರೂಪಕ್ಕೆ ಬಾಯಿ ಬಿಡುವವನು, ಕೇಳಿದ: “ಮಿಸ್, ಪ್ಲಾಟ್‌ಫಾರಂ ಅಂದರೆ ರೈಲು ನಿಲ್ಲುವ ಜಾಗ ಅಲ್ವಾ? ದಾಟಿ ಯಾಕೆ ಹೋಗುತ್ತೆ?”

ಎಕ್ಸ್‌ಪ್ರೆಸ್ ರೈಲು, ಸಣ್ಣ ಸ್ಟೇಷನ್ನು ಅಂತ ಏನೇನೋ ಹೇಳಿದೆ. ಅವನು ತಲೆಯಾಡಿಸಿದ, ನನ್ನ ಮೇಲಿನ ಮರ್ಯಾದೆಗೆ. ಆ ದೇಶದಲ್ಲಿ ರೈಲಿಲ್ಲ, ಹೊಳೆಯಿಲ್ಲ, ಗುಡ್ಡವಿಲ್ಲ. ನೆಲದ ಶೇ. 80ರಷ್ಟು ಭಾಗ ಸಮುದ್ರಮಟ್ಟದಿಂದ ಒಂದು ಮೀಟರ್ ಎತ್ತರವೂ ಇಲ್ಲ. ನನ್ನ ಚೀಲದಲ್ಲಿದ್ದ ಉದಾಹರಣೆಗಳೆಲ್ಲ ಹೊಳೆ ದಾಟುವವು, ಗುಡ್ಡ ಹತ್ತುವವು.

ಮರುದಿನ ತರಗತಿಯನ್ನು ಬಂದರಿಗೆ ಕರೆದುಕೊಂಡು ಹೋದೆ. ಟೇಪು ಹಿಡಿದು ಜೆಟ್ಟಿ ಅಳೆದೆವು, 40 ಮೀಟರ್. ಒಳಗೆ ಬರುತ್ತಿದ್ದ ಮೀನಿನ ದೋಣಿ 18 ಮೀಟರ್ ಅಂತ ಮಕ್ಕಳೇ ಹೇಳಿದರು, ಯಾರ ದೋಣಿ ಎಷ್ಟುದ್ದ ಅನ್ನುವುದು ಅವರಿಗೆ ಬಾಯಿಪಾಠ. ಮೂತಿ ಜೆಟ್ಟಿಯ ತುದಿಗೆ ಬಂದಾಗ ಒಬ್ಬಳು ಕೂಗಿದಳು, ಹಿಂಬದಿ ಇನ್ನೊಂದು ತುದಿ ದಾಟಿದಾಗ ಮತ್ತೊಬ್ಬ. 29 ಸೆಕೆಂಡ್. ದೋಣಿಯ ಉದ್ದವನ್ನೂ ಯಾಕೆ ಕೂಡಿಸಬೇಕು ಅನ್ನುವುದನ್ನು ನಾನು ಹೇಳಬೇಕಾಗಲೇ ಇಲ್ಲ. 58 ಮೀಟರಿಗೆ 29, ಅಂದರೆ ಸೆಕೆಂಡಿಗೆ ಎರಡು ಮೀಟರ್, ಗಂಟೆಗೆ 7.2 ಕಿ.ಮೀ. ದೋಣಿಯವರು ವೇಗ ಹೇಳುವುದು ನಾಟ್‌ನಲ್ಲಿ, ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಭಾಗಿಸಿದರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಅದೇ ಹುಡುಗ ನಕ್ಕ: “ಸರಿಯಿದೆ ಮಿಸ್. ಬಂದರಿನೊಳಗೆ ನಾಲ್ಕಕ್ಕಿಂತ ಮೇಲೆ ಓಡಿಸಿದರೆ ಅಪ್ಪ ಬಯ್ಯುತ್ತಾರೆ.” ಅವನಪ್ಪ ಕೇಯೊಳು, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ನಮ್ಮ ಕಡೆ ಹೇಳುವ ತಾಂಡೇಲ.

ಅಲ್ಲಿಂದ ಮುಂದೆ ದಾರಿ ಸಿಕ್ಕಿತು. ಗ್ರಾಫ್ ಪಾಠಕ್ಕೆ ಜೆಟ್ಟಿಯ ಕಂಬದ ಮೇಲೆ ಗಂಟೆಗೊಮ್ಮೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ. ಇಳಿಜಾರಿನ ಪಾಠಕ್ಕೆ ದೋಣಿ ಎಳೆದು ಮೇಲೆ ಹಾಕುವ ಮರಳದಿಬ್ಬ. ಸರಾಸರಿಗೆ ಗಾಳದಲ್ಲಿ ಒಂದೊಂದಾಗಿ ಹಿಡಿದು ತಂದ ಟ್ಯೂನಾ ಮೀನಿನ ತೂಕ. ತೂಕ ಮುಗಿದ ಮೇಲೆ ಒಂದು ಮೀನು ನನ್ನ ಬಾಗಿಲಿಗೆ ಬರುತ್ತಿತ್ತು, ಬೇಡವೆಂದರೂ.

ಹಾಗಂತ ರೈಲನ್ನು ಬಿಟ್ಟುಬಿಡಲಿಲ್ಲ. ಪ್ರಶ್ನೆಪತ್ರಿಕೆ ಬರೆಯುವವರಿಗೆ ನಮ್ಮ ಜೆಟ್ಟಿ ಗೊತ್ತಿಲ್ಲ. ಕೊನೆಯ ಟರ್ಮ್‌ನಲ್ಲಿ ದೋಣಿ ಅಳಿಸಿ ರೈಲು ಬರೆಯುತ್ತಿದ್ದೆ, ಜೆಟ್ಟಿ ಅಳಿಸಿ ಪ್ಲಾಟ್‌ಫಾರಂ. ಈ ಅದಲುಬದಲು ಮಾಡದೆ ಬರೀ ಊರ ಉದಾಹರಣೆಯಲ್ಲೇ ನಿಂತಿದ್ದರೆ ಮಕ್ಕಳು ಪರೀಕ್ಷೆಯಲ್ಲಿ ಸೋಲುತ್ತಿದ್ದರು. ಕೆಲವರಿಗೆ ಆಗಲೂ ಇಂಗ್ಲಿಷ್ ವಾಕ್ಯವೇ ತೊಡಕಾಯಿತು, ಅದಕ್ಕೆ ನನ್ನ ಬಳಿ ಮದ್ದಿರಲಿಲ್ಲ.

ನಾನು ಊರಿಗೆ ಮರಳಿದ ವರ್ಷ ಆ ಹುಡುಗ ಅಜ್ಜಿಯ ಚಿಕಿತ್ಸೆಗೆಂದು ಮನೆಯವರ ಜೊತೆ ತಿರುವನಂತಪುರಕ್ಕೆ ಬಂದಿದ್ದ. ವೈಬರ್‌ನಲ್ಲಿ ಒಂದು ಫೋಟೋ ಬಂತು. ಸ್ಟೇಷನ್ನು, ನೀಲಿ ಬೋಗಿಗಳು. ಕೆಳಗೆ ಒಂದೇ ಸಾಲು: “ಮಿಸ್, ನಿಂತೇ ಇದೆ. ದಾಟಲಿಲ್ಲ.”